2400 ಗಂಟೆ ಯಾರ ಪಾಲಿನದು?

ಕೆಲಸ ಮಾಡುತ್ತಲೇ ದೂರಶಿಕ್ಷಣದಲ್ಲೋ ಆನ್‌ಲೈನಿನಲ್ಲೋ ಓದಬೇಕು ಅಂತ ಹೊರಟಿದ್ದೀರಿ. ಮೊದಲು ಒಂದು ಲೆಕ್ಕ ಮಾಡಿಬಿಡೋಣ. ಮೊಬೈಲಿನಲ್ಲಿ ಕ್ಯಾಲ್ಕುಲೇಟರ್ ತೆಗೆಯಿರಿ.

ದೂರಶಿಕ್ಷಣದಲ್ಲಿ ಒಂದು ಕ್ರೆಡಿಟ್ ಅಂದರೆ 30 ಗಂಟೆಯ ಓದು. ಪಾಠ ಕೇಳುವುದು, ಪುಸ್ತಕ ಓದುವುದು, ಅಸೈನ್‌ಮೆಂಟ್ ಬರೆಯುವುದು, ಪರೀಕ್ಷೆಗೆ ತಯಾರಾಗುವುದು, ಎಲ್ಲ ಸೇರಿ 30. ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯ, ಅಂದರೆ ಇಗ್ನೋದ ಪುಸ್ತಿಕೆಗಳಲ್ಲಿ ಇದು ಅಚ್ಚಾಗಿಯೇ ಇರುತ್ತದೆ. ಫೀಸಿನ ಪುಟ ನೋಡುವಷ್ಟು ಜನ ಆ ಪುಟ ನೋಡುವುದಿಲ್ಲ, ಅಷ್ಟೇ. ಈಗ 80 ಕ್ರೆಡಿಟ್ಟಿನ ಒಂದು ಎಂ.ಎ. ಅಂತ ಇಟ್ಟುಕೊಳ್ಳಿ. 80ನ್ನು 30ರಿಂದ ಗುಣಿಸಿ. 2400 ಗಂಟೆ. ಎರಡು ವರ್ಷಕ್ಕೆ ಮುಗಿಯಬೇಕು ಅಂದರೆ ವಾರಕ್ಕೆ 23 ಗಂಟೆ ಓದಬೇಕು. ದಿನಕ್ಕೆ ಮೂರು ಗಂಟೆಗಿಂತ ಜಾಸ್ತಿ. ಭಾನುವಾರವೂ ಸೇರಿ, ದೀಪಾವಳಿಯೂ ಸೇರಿ, ಮಗುವಿಗೆ ಜ್ವರ ಬಂದ ದಿನವೂ ಸೇರಿ.

ಈಗ ಜಾಹೀರಾತು ನೆನಪಿಸಿಕೊಳ್ಳಿ. ‘ನಿಮ್ಮ ಬಿಡುವಿನ ವೇಳೆಯಲ್ಲಿ ಸ್ನಾತಕೋತ್ತರ ಪದವಿ.’ ಇಲ್ಲಿ ಕೂತಿರುವವರಲ್ಲಿ ವಾರಕ್ಕೆ 23 ಗಂಟೆ ಬಿಡುವು ಇರುವವರು ಕೈ ಎತ್ತಿ ನೋಡೋಣ. ಯಾರೂ ಇಲ್ಲ ಅಲ್ವಾ? ಬ್ಯಾಂಕಿನವರಿದ್ದೀರಿ, ಹೈಸ್ಕೂಲಿನ ಮೇಷ್ಟ್ರುಗಳಿದ್ದೀರಿ, ಆಸ್ಪತ್ರೆಯಲ್ಲಿ ಪಾಳಿ ಮಾಡುವವರಿದ್ದೀರಿ, ಐಟಿಯವರಂತೂ ಅರ್ಧ ಸಭೆ ಇದ್ದೀರಿ. ಒಬ್ಬರ ಕೈಯೂ ಮೇಲೆ ಬರಲಿಲ್ಲ.

ಅಂದರೆ ಆ 2400 ಗಂಟೆ ಎಲ್ಲೋ ಸುಮ್ನೆ ಬಿದ್ದಿಲ್ಲ. ಈಗಾಗಲೇ ಯಾರದ್ದೋ ಪಾಲಾಗಿದೆ. ನಿದ್ದೆಯದು ಸ್ವಲ್ಪ, ಹೆಂಡತಿಯದೋ ಗಂಡನದೋ ಸ್ವಲ್ಪ, ಮಕ್ಕಳದು, ಅಪ್ಪ ಅಮ್ಮನದು, ಆಫೀಸಿನದು. ಓದಲು ಹೊರಟವರು ಅದನ್ನು ಯಾರಿಂದಲಾದರೂ ತೆಗೆದುಕೊಳ್ಳಲೇಬೇಕು. ಕೇಳಿ ತೆಗೆದುಕೊಳ್ಳುತ್ತೀರೋ, ಕದ್ದು ತೆಗೆದುಕೊಳ್ಳುತ್ತೀರೋ ಅನ್ನುವುದರ ಮೇಲೆ ಕೋರ್ಸು ಮುಗಿಯುವುದು ಬಿಡುವುದು ನಿಂತಿದೆ. ಸ್ಟಡಿ ಸೆಂಟರಿನಲ್ಲಿ ಭಾನುವಾರದ ತರಗತಿಗಳನ್ನು ತೆಗೆದುಕೊಂಡು, ಈಗ ಸ್ಕ್ರೀನಿನ ಮುಂದೆ ಕೂತು ಅದೇ ಪಾಠ ಮಾಡುತ್ತಿರುವವನಾಗಿ ನನಗೆ ಅನ್ನಿಸಿರುವುದು ಇದು. ಕೋರ್ಸು ಮುಗಿಸಿದವರೆಲ್ಲ ಬಹಳ ಬುದ್ಧಿವಂತರೇನಲ್ಲ, ಬಿಟ್ಟವರು ಸೋಮಾರಿಗಳೂ ಅಲ್ಲ.

ಲೆಕ್ಕಕ್ಕೆ ವಾಪಸ್ ಬನ್ನಿ. ಎರಡು ವರ್ಷದ ಪದವಿಯನ್ನು ಎರಡೇ ವರ್ಷಕ್ಕೆ ಮುಗಿಸಬೇಕು ಅಂತ ಯಾರೂ ಹೇಳಿಲ್ಲ. ಇಗ್ನೋದ ಎಂ.ಎ.ಗಳಲ್ಲಿ ಸಾಮಾನ್ಯವಾಗಿ ನಾಲ್ಕು ವರ್ಷದವರೆಗೆ ಅವಕಾಶ ಇದೆ. ನಾಲ್ಕು ವರ್ಷಕ್ಕೆ ಹಂಚಿದರೆ ವಾರಕ್ಕೆ ಹನ್ನೊಂದೂವರೆ ಗಂಟೆ. ಐದು ದಿನ ಒಂದೂವರೆ ಗಂಟೆ, ಭಾನುವಾರ ನಾಲ್ಕು ಗಂಟೆ, ಶನಿವಾರ ರಜೆ. ಇದು ಮನುಷ್ಯರು ಮಾಡಬಹುದಾದ ಕೆಲಸ. ಆದರೂ ಅಡ್ಮಿಷನ್ ಆದ ಹುಮ್ಮಸ್ಸಿನಲ್ಲಿ ಎಲ್ಲರೂ ಎಲ್ಲ ಪೇಪರನ್ನೂ ಒಟ್ಟಿಗೆ ತೆಗೆದುಕೊಳ್ಳುತ್ತಾರೆ. 2022ರಲ್ಲಿ ವಿಶ್ವವಿದ್ಯಾಲಯಗಳಿಗೆ ನಿಯಮ ಮಾಡುವ ಯುಜಿಸಿ ಎರಡು ಪದವಿಗಳನ್ನು ಒಟ್ಟಿಗೆ ಮಾಡಬಹುದು ಅಂದ ಮೇಲೆ ಕೆಲವರು ಎರಡೆರಡಕ್ಕೂ ಸೇರಿದರು. ಯುಜಿಸಿ ಒಪ್ಪಿದರೂ ಗಡಿಯಾರ ಒಪ್ಪಬೇಕಲ್ಲ.

ನಾವು ನಮ್ಮ ಬಗ್ಗೆ ಹಾಕುವ ಅಂದಾಜು ಎಷ್ಟು ಕೆಟ್ಟದ್ದು ಅನ್ನುವುದಕ್ಕೆ ಒಂದು ಪ್ರಸಿದ್ಧ ಅಧ್ಯಯನ ಇದೆ. 1994ರಲ್ಲಿ ಪ್ರಕಟವಾದದ್ದು, ಕೆನಡಾದ ಮನಶ್ಶಾಸ್ತ್ರಜ್ಞರು ಮಾಡಿದ್ದು. ಪ್ರಬಂಧ ಬರೆಯುತ್ತಿದ್ದ ವಿದ್ಯಾರ್ಥಿಗಳನ್ನು ಎಷ್ಟು ದಿನಕ್ಕೆ ಮುಗಿಸುತ್ತೀರಿ ಅಂತ ಕೇಳಿದರು. ಸರಾಸರಿ 34 ದಿನ ಅಂದರು. ಸರಿ, ಎಲ್ಲವೂ ಕೈಕೊಟ್ಟರೆ ಎಷ್ಟು ದಿನ ಅಂತ ಕೇಳಿದರು. 49 ಅಂದರು. ನಿಜವಾಗಿ ಮುಗಿಯುವಾಗ ಸರಾಸರಿ 55 ದಿನ ದಾಟಿತ್ತು. ಎಲ್ಲವೂ ಕೈಕೊಡುವ ಲೆಕ್ಕವೂ ಸಾಲಲಿಲ್ಲ, ನೋಡಿ. ಅವರು ಪೂರ್ತಿ ಸಮಯ ಓದುವ ಹುಡುಗರು. ನಮ್ಮಂಥವರ ಗತಿ ಏನು?

ಅಮೆರಿಕದ ಜಾರ್ಜಿಯಾ ಟೆಕ್ ಅನ್ನುವ ವಿಶ್ವವಿದ್ಯಾಲಯ 2014ರ ಜನವರಿಯಲ್ಲಿ ಕಂಪ್ಯೂಟರ್ ವಿಜ್ಞಾನದಲ್ಲಿ ಆನ್‌ಲೈನ್ ಮಾಸ್ಟರ್ಸ್ ಶುರು ಮಾಡಿತು. ಒಟ್ಟು ಫೀಸು ಸುಮಾರು 7000 ಡಾಲರ್ ಅಂತ ಸುದ್ದಿಯಾಗಿತ್ತು. ಬೆಂಗಳೂರಿನಲ್ಲಿ ಕೂತು ಅದನ್ನು ಮಾಡಿದವರು, ಮಾಡುತ್ತಿರುವವರು ಬೇಕಾದಷ್ಟು ಜನ ಇದ್ದಾರೆ. ಈ ಸಭೆಯಲ್ಲೂ ಇಬ್ಬರು ಮೂವರು ತಲೆ ಆಡಿಸುತ್ತಿದ್ದೀರಿ. ಹತ್ತು ಕೋರ್ಸು, ಆರು ವರ್ಷದವರೆಗೆ ಸಮಯ. ಅಲ್ಲಿ ಕೆಲಸದಲ್ಲಿರುವವರು ಒಂದು ಸೆಮಿಸ್ಟರಿಗೆ ಒಂದೇ ಕೋರ್ಸು ತೆಗೆದುಕೊಳ್ಳುವುದು ಮಾಮೂಲು. ನನಗೆ ಅದರಲ್ಲಿ ಹೆಚ್ಚು ಇಷ್ಟವಾದ ಸಂಗತಿ ಇನ್ನೊಂದು. ಮುಂಚೆ ಓದಿದ ವಿದ್ಯಾರ್ಥಿಗಳು ಪ್ರತಿ ಕೋರ್ಸಿಗೂ ವಾರಕ್ಕೆ ಎಷ್ಟು ಗಂಟೆ ಹಿಡಿಯಿತು ಅಂತ ಬರೆದಿಟ್ಟಿರುತ್ತಾರೆ. ಮುಂದಿನವರು ಅದನ್ನು ನೋಡಿ ಆಯ್ಕೆ ಮಾಡುತ್ತಾರೆ. ಮಗು ಹುಟ್ಟಲಿರುವ ಸೆಮಿಸ್ಟರಿಗೆ ಹಗುರದ್ದು, ಆಫೀಸಿನಲ್ಲಿ ಕೆಲಸ ಕಡಿಮೆ ಇರುವ ತಿಂಗಳುಗಳಿಗೆ ಭಾರದ್ದು. ನಮ್ಮಲ್ಲಿ ಈ ಪದ್ಧತಿ ಇಲ್ಲ. ‘ಆ ಪೇಪರ್ ಈಜಿ, ಈ ಪೇಪರ್ ಟಫ್’ ಅನ್ನುವುದರಲ್ಲಿ ಮಾತು ಮುಗಿದುಹೋಗುತ್ತದೆ. ನಿಮ್ಮ ಸೀನಿಯರ್ ಸಿಕ್ಕಾಗ ಪೇಪರ್ ಹೇಗಿತ್ತು ಅಂತ ಕೇಳಬೇಡಿ. ವಾರಕ್ಕೆ ಎಷ್ಟು ಗಂಟೆ ಹಿಡಿಯಿತು ಅಂತ ಕೇಳಿ.

ಇಲ್ಲಿ ಸ್ವಲ್ಪ ಹಿಂದಕ್ಕೆ ಹೋಗುತ್ತೇನೆ, ತಡೆದುಕೊಳ್ಳಿ. ಕೆಲಸ ಮಾಡುತ್ತಾ ಓದುವುದು ಇಂಟರ್ನೆಟ್ ತಂದ ಹೊಸ ಸಂಗತಿ ಏನಲ್ಲ. ಬ್ರಿಟನ್ನಿನ ಓಪನ್ ಯೂನಿವರ್ಸಿಟಿ 1971ರಲ್ಲಿ ಪಾಠ ಶುರು ಮಾಡಿದಾಗ ಬಿಬಿಸಿಯಲ್ಲಿ ಅದರ ಪಾಠಗಳು ಬರುತ್ತಿದ್ದವು. ಮೈಸೂರು ವಿಶ್ವವಿದ್ಯಾಲಯ ಅಂಚೆ ಮೂಲಕ ಪಾಠ ಹೇಳಲು ಶುರು ಮಾಡಿದ್ದು ಅದಕ್ಕೂ ಮುಂಚೆ, 1969ರಲ್ಲಿ. ಅದೇ ಮುಂದೆ 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯ ಆಯಿತು. ನಡುವೆ 1985ರಲ್ಲಿ ಇಗ್ನೋ ಬಂತು. ನಮ್ಮ ಹಳ್ಳಿ ಶಾಲೆಗಳ ಎಷ್ಟು ಮೇಷ್ಟ್ರುಗಳು ‘ಕರೆಸ್ಪಾಂಡೆನ್ಸ್‌ನಲ್ಲಿ ಎಂ.ಎ. ಕಟ್ಟಿದೆ’ ಅಂತ ಹೇಳುವುದನ್ನು ನೀವು ಕೇಳಿಲ್ಲ? ಆಗ ಪೋಸ್ಟಿನಲ್ಲಿ ಪುಸ್ತಕದ ಕಟ್ಟು ಬರುತ್ತಿತ್ತು. ವರ್ಷವೆಲ್ಲ ಅದು ಬೀರುವಿನ ಮೇಲೆ. ಪರೀಕ್ಷೆಗೆ ಒಂದು ತಿಂಗಳು ಮುಂಚೆ ಕಟ್ಟು ಬಿಚ್ಚುವುದು, ರಾತ್ರಿ ಹಗಲು ಓದುವುದು, ಬರೆಯುವುದು.

ಆನ್‌ಲೈನ್ ಬಂದ ಮೇಲೆ ಬದಲಾಗಿದ್ದು ಮುಖ್ಯವಾಗಿ ಇದು. ಈಗ ವಾರ ವಾರ ಲೆಕ್ಕ ಒಪ್ಪಿಸಬೇಕು. ಐಐಟಿ ಮುಂತಾದವು ನಡೆಸುವ ಎನ್‌ಪಿಟೆಲ್ ಆನ್‌ಲೈನ್ ಕೋರ್ಸು ಮಾಡಿದವರಿಗೆ ಗೊತ್ತಿದೆ. ಪ್ರತಿ ವಾರ ಒಂದು ಅಸೈನ್‌ಮೆಂಟ್, ಅದಕ್ಕೊಂದು ಕೊನೆಯ ದಿನ, ರಾತ್ರಿ 11.59ಕ್ಕೆ ಬಾಗಿಲು ಬಂದ್. 12 ವಾರದ ಕೋರ್ಸಿನಲ್ಲಿ ಚೆನ್ನಾಗಿ ಮಾಡಿದ ಎಂಟು ಅಸೈನ್‌ಮೆಂಟಿನ ಅಂಕ ತೆಗೆದುಕೊಳ್ಳುತ್ತಾರೆ, ಅದಕ್ಕೆ 25, ಪರೀಕ್ಷೆಗೆ 75. ಆ ‘ಹನ್ನೆರಡರಲ್ಲಿ ಎಂಟು’ ಅನ್ನುವ ನಿಯಮ ಮಾಡಿದವರಿಗೆ ನನ್ನದೊಂದು ನಮಸ್ಕಾರ. ನಾಲ್ಕು ವಾರ ನಿಮ್ಮ ಬದುಕು ಕೈಕೊಡುತ್ತದೆ ಅಂತ ಮೊದಲೇ ಒಪ್ಪಿಕೊಂಡ ನಿಯಮ ಅದು. ನೀವು ಹಾಕಿಕೊಳ್ಳುವ ಟೈಮ್‌ಟೇಬಲ್ಲಿನಲ್ಲೂ ಅಷ್ಟು ದಯೆ ಇರಲಿ.

ಜಾರ್ಜಿಯಾ ಟೆಕ್‌ನವರು ಇನ್ನೊಂದು ವಿಚಿತ್ರ ಹೇಳುತ್ತಾರೆ. ಅಲ್ಲಿ ಹಲವು ಅಸೈನ್‌ಮೆಂಟಿನ ಗಡುವು ಭಾನುವಾರ ರಾತ್ರಿ 11.59, ಆದರೆ ಭೂಮಿಯ ಮೇಲೆ ಎಲ್ಲಾದರೂ ಭಾನುವಾರ ಉಳಿದಿರುವವರೆಗೆ. ನಮ್ಮ ಗಡಿಯಾರದಲ್ಲಿ ಅದು ಸೋಮವಾರ ಸಂಜೆ 5.29. ಕೇಳಲು ಒಳ್ಳೆಯದೇ, ಒಂದು ದಿನ ಜಾಸ್ತಿ ಸಿಕ್ಕಿತು ಅಂತ. ಆದರೆ ಸೋಮವಾರ ಸಂಜೆ 5.29ಕ್ಕೆ ನೀವೆಲ್ಲಿರುತ್ತೀರಿ? ಆಫೀಸಿನ ಮೀಟಿಂಗಿನಲ್ಲಿ. ಒಂದು ಕಿಟಕಿಯಲ್ಲಿ ಮ್ಯಾನೇಜರ್ ಮುಖ, ಇನ್ನೊಂದರಲ್ಲಿ ಓಡದೆ ನಿಂತ ಪ್ರೋಗ್ರಾಂ. ಹಾಗಾಗಿ ಅನುಭವ ಇರುವವರು ಭಾನುವಾರ ರಾತ್ರಿ ಊಟಕ್ಕೆ ಮುಂಚೆ ಕಳಿಸಿಬಿಡುತ್ತಾರೆ. ಉಳಿದ ಗಂಟೆಗಳನ್ನು ಇಲ್ಲ ಅಂತಲೇ ಅಂದುಕೊಳ್ಳುತ್ತಾರೆ.

ಈಗ ಮನೆಯ ವಿಷಯಕ್ಕೆ ಬರೋಣ. ಇದರಲ್ಲಿ ಸ್ವಲ್ಪ ಹೊತ್ತು ಇರುತ್ತೇನೆ, ಯಾಕೆಂದರೆ ‘ಟೈಮ್ ಮ್ಯಾನೇಜ್‌ಮೆಂಟ್’ ಅಂತ ಭಾಷಣ ಮಾಡುವವರು ಇದನ್ನು ಹಾರಿಸಿಬಿಡುತ್ತಾರೆ.

1985ರಲ್ಲಿ ಬೀನ್ ಮತ್ತು ಮೆಟ್ಜ್‌ನರ್ ಅನ್ನುವ ಇಬ್ಬರು ಸಂಶೋಧಕರು ಕೆಲಸ, ಸಂಸಾರ ಇಟ್ಟುಕೊಂಡು ಓದುವವರು ಯಾಕೆ ನಡುವೆ ಬಿಡುತ್ತಾರೆ ಅಂತ ವಿಚಾರ ಮಾಡಿದರು. ಅವರು ಮುಂದಿಟ್ಟ ಮುಖ್ಯ ಮಾತು ಇದು. ಇಂಥವರ ಮಟ್ಟಿಗೆ ಕಾಲೇಜಿನ ಒಳಗಿನ ಸಂಗತಿಗಿಂತ ಹೊರಗಿನದ್ದೇ ಹೆಚ್ಚು ತೂಕದ್ದು. ಎಷ್ಟು ಗಂಟೆ ಕೆಲಸ, ಹಣ ಹೇಗೆ, ಮನೆಯ ಹೊಣೆ ಎಷ್ಟು, ಹೊರಗಿನಿಂದ ಯಾರ ಬೆಂಬಲ ಇದೆ. ಮನೆಯ ಕಡೆ ಸರಿ ಇದ್ದರೆ ಓದಿನ ಕಡೆ ಸ್ವಲ್ಪ ಹೆಚ್ಚುಕಮ್ಮಿ ಆದರೂ ತಡೆದುಕೊಳ್ಳುತ್ತಾರೆ. ಓದು ಎಷ್ಟೇ ಚೆನ್ನಾಗಿದ್ದರೂ ಮನೆಯ ಕಡೆ ಸರಿ ಇಲ್ಲದಿದ್ದರೆ ನಿಲ್ಲುವುದು ಕಷ್ಟ. ನಾಲ್ಕು ದಶಕದ ಹಿಂದಿನ ಮಾತು. ನಮ್ಮ ಸ್ಟಡಿ ಸೆಂಟರಿನ ಬೆಂಚಿನ ಮೇಲೆ ಕೂತು ಬರೆದ ಹಾಗಿದೆ.

ಗಂಡಸರು ಓದಲು ಕೂತರೆ ಮನೆಯವರು ಟಿವಿ ಸೌಂಡ್ ಕಡಿಮೆ ಮಾಡುತ್ತಾರೆ. ಹೆಂಗಸರು ಓದಲು ಕೂತರೆ ‘ಒಲೆ ಮೇಲೆ ಏನಾದರೂ ಇಟ್ಟಿದ್ದೀಯಾ’ ಅಂತ ಕೇಳುತ್ತಾರೆ. ನಗಬೇಡಿ ಸ್ವಾಮಿ, ನಗುತ್ತಿರುವವರೆಲ್ಲ ಗಂಡಸರೇ ಇದ್ದೀರಿ. ಲೈವ್ ಕ್ಲಾಸುಗಳಲ್ಲಿ ನಾನು ನೋಡುವುದು ಇದನ್ನೇ. ಸಂಜೆ ಏಳೂವರೆಯ ಕ್ಲಾಸಿಗೆ ಗಂಡಸರು ಕ್ಯಾಮೆರಾ ಹಾಕಿಕೊಂಡು ಕೂತಿರುತ್ತಾರೆ. ಹೆಂಗಸರ ಕ್ಯಾಮೆರಾ ಆಫ್, ಮೈಕ್ ಆನ್ ಆದರೆ ಕುಕ್ಕರಿನ ಸೀಟಿ ಕೇಳುತ್ತದೆ. ಏಳೂವರೆ ಅಡುಗೆಯ ಹೊತ್ತು ಅನ್ನುವುದು ಕ್ಲಾಸಿನ ಸಮಯ ಗೊತ್ತು ಮಾಡಿದವರಿಗೆ ಹೊಳೆಯಲೇ ಇಲ್ಲ. ಒಂಬತ್ತಕ್ಕೆ ಇಟ್ಟರೆ ಏನಾಗುತ್ತಿತ್ತು?

ಹಾಗಾದರೆ ಮನೆಯಲ್ಲಿ ಕೇಳುವುದು ಹೇಗೆ? ‘ನಾನು ಎಂ.ಎ.ಗೆ ಸೇರುತ್ತಿದ್ದೇನೆ, ನಿಮ್ಮೆಲ್ಲರ ಸಹಕಾರ ಬೇಕು’ ಅಂದರೆ ಎಲ್ಲರೂ ಆಗಲಿ ಅನ್ನುತ್ತಾರೆ. ಸಹಕಾರ ಅಂದರೆ ಏನು ಅಂತ ಯಾರಿಗೂ ಗೊತ್ತಿರುವುದಿಲ್ಲ. ಬದಲು ಹೀಗೆ ಕೇಳಿ ನೋಡಿ: ‘ಮಂಗಳವಾರ, ಗುರುವಾರ ರಾತ್ರಿ ಎಂಟೂವರೆಯಿಂದ ಹತ್ತರವರೆಗೆ ಮಕ್ಕಳ ಹೋಂವರ್ಕು, ಊಟ, ಮಲಗಿಸುವುದು ನಿಮ್ಮದು. ಜೂನ್ ಪರೀಕ್ಷೆ ಮುಗಿಯುವವರೆಗೆ. ಜುಲೈನಲ್ಲಿ ಮತ್ತೆ ಮಾತಾಡೋಣ.’ ದಿನ, ಹೊತ್ತು, ಕೆಲಸ, ಯಾವಾಗ ಮುಗಿಯುತ್ತದೆ ಅನ್ನುವುದು, ನಾಲ್ಕೂ ಅದರಲ್ಲಿವೆ. ಕೊನೆಯದು ಬಹಳ ಮುಖ್ಯ. ಇಷ್ಟು ದಿನ ಮಾತ್ರ ಅಂತ ಗೊತ್ತಿದ್ದರೆ ಅತ್ತೆಯೂ ಒಪ್ಪುತ್ತಾರೆ. ಕೊನೆ ಇಲ್ಲದ ಕಷ್ಟ ಯಾರಿಗೂ ಬೇಡ.

ಕದ್ದು ತೆಗೆದುಕೊಂಡ ಸಮಯ ಹೇಗಿರುತ್ತದೆ ಅಂತಲೂ ಹೇಳುತ್ತೇನೆ. ರಾತ್ರಿ ಎಲ್ಲರೂ ಮಲಗಿದ ಮೇಲೆ ಹನ್ನೊಂದರಿಂದ ಒಂದರವರೆಗೆ. ಯಾರನ್ನೂ ಕೇಳಬೇಕಾಗಿಲ್ಲ, ಯಾರ ಹತ್ತಿರವೂ ಮಾತು ಕೇಳಬೇಕಾಗಿಲ್ಲ. ಕದ್ದಿದ್ದು ನಿದ್ದೆಯಿಂದ. ಓದಿದ್ದನ್ನು ಮೆದುಳು ಗಟ್ಟಿ ಮಾಡಿಕೊಳ್ಳುವುದು ನಿದ್ದೆಯಲ್ಲೇ ಅನ್ನುವುದು ಈಗ ಚೆನ್ನಾಗಿ ಗೊತ್ತಿರುವ ವಿಷಯ. ಓದಲಿಕ್ಕೆ ನಿದ್ದೆ ಬಿಟ್ಟರೆ ಓದಿದ್ದನ್ನು ಉಳಿಸಿಕೊಳ್ಳುವ ಜಾಗವನ್ನೇ ಬಿಟ್ಟ ಹಾಗೆ.

ಒಬ್ಬ ಸ್ಟಾಫ್ ನರ್ಸ್ ಸಮಾಜಶಾಸ್ತ್ರದ ಎಂ.ಎ. ಮಾಡುತ್ತಿದ್ದರು. ಎಲ್ಲರೂ ಅವರಿಗೆ ಹೇಳುವುದು ಒಂದೇ, ಬೆಳಿಗ್ಗೆ ನಾಲ್ಕಕ್ಕೆ ಎದ್ದು ಓದಮ್ಮ ಅಂತ. ಪಾಳಿ ಕೆಲಸದವರಿಗೆ ನಾಲ್ಕು ಗಂಟೆ ಅನ್ನುವುದು ಒಂದು ವಾರ ನಸುಕು, ಇನ್ನೊಂದು ವಾರ ವಾರ್ಡಿನಲ್ಲಿ ಬಿಪಿ ನೋಡುವ ಹೊತ್ತು. ಅವರು ಗಡಿಯಾರಕ್ಕೆ ಟೈಮ್‌ಟೇಬಲ್ ಹಾಕಲಿಲ್ಲ, ಪಾಳಿಗೆ ಹಾಕಿದರು. ಮಧ್ಯಾಹ್ನದ ಪಾಳಿ ಇರುವ ವಾರ, ಮಗಳು ಸ್ಕೂಲಿಗೆ ಹೋದ ಮೇಲೆ ಒಂಬತ್ತರಿಂದ ಹನ್ನೊಂದು ಗಟ್ಟಿ ಓದು. ಹೊಸ ಪಾಠಗಳೆಲ್ಲ ಆ ವಾರವೇ. ಬೆಳಗಿನ ಪಾಳಿಯ ವಾರ, ಸಂಜೆ ಒಂದು ಗಂಟೆ, ಓದಿದ್ದನ್ನು ನೆನಪು ಮಾಡಿಕೊಳ್ಳುವುದು ಮಾತ್ರ. ರಾತ್ರಿ ಪಾಳಿಯ ವಾರ ಓದು ಪೂರ್ತಿ ರಜೆ. ಬೇಕಾದರೆ ಮುಂಚೆಯೇ ಕರಡು ಮಾಡಿಟ್ಟ ಅಸೈನ್‌ಮೆಂಟನ್ನು ನೀಟಾಗಿ ಎತ್ತಿ ಬರೆಯುವುದು. ಡ್ಯೂಟಿ ರೋಸ್ಟರ್ ಬಂದ ದಿನವೇ ಅದರ ಪಕ್ಕದಲ್ಲಿ ಓದಿನ ಕಾಲಂ ಎಳೆಯುತ್ತಿದ್ದರು. ನಾಲ್ಕು ಗಂಟೆಗೆ ಎದ್ದೇಳುವ ಉಪದೇಶಕ್ಕಿಂತ ಇದು ಎಷ್ಟೋ ಮೇಲು.

ಗಮನಿಸಿದಿರಾ, ಅವರು ಕೆಲಸಗಳನ್ನೂ ಬೇರೆ ಮಾಡಿದರು. ಚುರುಕಾಗಿರುವಾಗ ಹೊಸ ಪಾಠ, ಸುಸ್ತಾದಾಗ ಎತ್ತಿ ಬರೆಯುವುದು. ನಮ್ಮಲ್ಲಿ ಹೆಚ್ಚಿನವರು ಇದನ್ನು ತಿರುಗಾ ಮುರುಗಾ ಮಾಡುತ್ತೇವೆ. ರಾತ್ರಿ ಹತ್ತಕ್ಕೆ, ಮೈ ಮನಸ್ಸು ಎರಡೂ ಸೋತ ಮೇಲೆ, ವಿಡಿಯೊ ಹಾಕುತ್ತೇವೆ. ಒಂದೂವರೆ ಪಟ್ಟು ವೇಗದಲ್ಲಿ. ಮೇಷ್ಟ್ರು ಹೇಳಿದ್ದೆಲ್ಲ ಅರ್ಥವಾಗುತ್ತಿದೆ ಅನ್ನಿಸುತ್ತದೆ. ವಿಡಿಯೊ ಮುಗಿಯುತ್ತದೆ, ಹಸಿರು ಟಿಕ್ ಬೀಳುತ್ತದೆ, ಒಂದು ತೃಪ್ತಿ. ಮಾರನೆಯ ದಿನ ಕೇಳಿದರೆ ಮೇಷ್ಟ್ರ ಅಂಗಿಯ ಬಣ್ಣ ನೆನಪಿರುತ್ತದೆ.

2014ರಲ್ಲಿ ಎಡ್‌ಎಕ್ಸ್ ಅನ್ನುವ ಆನ್‌ಲೈನ್ ತಾಣದ ಕೋರ್ಸುಗಳ 69 ಲಕ್ಷ ವಿಡಿಯೊ ವೀಕ್ಷಣೆಗಳನ್ನು ಪರಿಶೀಲಿಸಿದ ಒಂದು ಅಧ್ಯಯನ ಬಂತು. ವಿಡಿಯೊ ಎಷ್ಟೇ ಉದ್ದ ಇರಲಿ, ಜನ ಅದರ ಜೊತೆ ಇರುವ ಸಮಯ ಸಾಮಾನ್ಯವಾಗಿ ಆರು ನಿಮಿಷ ದಾಟುವುದಿಲ್ಲ ಅಂತ ತಿಳಿದುಬಂತು. ಒಂದು ಗಂಟೆಯ ರೆಕಾರ್ಡಿಂಗ್ ಪೂರ್ತಿ ನೋಡಿದೆ ಅನ್ನುವವರು ಕಣ್ಣು ಬಿಟ್ಟುಕೊಂಡಿದ್ದರು ಅಂತ ಮಾತ್ರ ನಾನು ನಂಬುತ್ತೇನೆ.

ಇನ್ನೊಂದು ಪ್ರಯೋಗ, 2006ರದ್ದು. ರೋಡಿಗರ್ ಮತ್ತು ಕಾರ್ಪಿಕ್ ಅಂತ, ಅಮೆರಿಕದವರು. ವಿದ್ಯಾರ್ಥಿಗಳ ಒಂದು ಗುಂಪು ಒಂದು ಪಾಠವನ್ನು ಎರಡು ಸಲ ಓದಿತು. ಇನ್ನೊಂದು ಗುಂಪು ಒಂದು ಸಲ ಓದಿ, ಎರಡನೆಯ ಸಲ ಪಾಠ ಮುಚ್ಚಿಟ್ಟು ನೆನಪಿದ್ದಷ್ಟನ್ನು ಬರೆಯಿತು. ಐದು ನಿಮಿಷ ಬಿಟ್ಟು ಪರೀಕ್ಷೆ ಕೊಟ್ಟರೆ ಎರಡು ಸಲ ಓದಿದವರೇ ಮುಂದೆ, ನೂರಕ್ಕೆ 81, ಬರೆದವರು 75. ಒಂದು ವಾರ ಬಿಟ್ಟು ಕೇಳಿದಾಗ ತಿರುಗಿಬಿತ್ತು. ಎರಡು ಸಲ ಓದಿದವರಿಗೆ 42, ಮುಚ್ಚಿ ಬರೆದವರಿಗೆ 56. ನಮ್ಮ ಪರೀಕ್ಷೆ ಐದು ನಿಮಿಷ ಬಿಟ್ಟು ಇರುವುದಿಲ್ಲ ಅಲ್ವಾ? ತಿಂಗಳುಗಳಾದ ಮೇಲೆ ಇರುತ್ತದೆ. ಆದರೆ ಓದಿದ ಸುಖ ಸಿಗುವುದು ಆ ಐದು ನಿಮಿಷದಲ್ಲಿ. ಅದಕ್ಕೇ ಮೋಸ ಹೋಗುತ್ತೇವೆ.

ಕೆಲಸದವರಿಗೆ ಇದರಿಂದ ದೊಡ್ಡ ಉಪಕಾರ ಇದೆ. ಮುಚ್ಚಿ ಬರೆಯಲು ಜಾಸ್ತಿ ಸಮಯ ಬೇಡ. ಹೀಗೆ ಮಾಡಿ. ಇಪ್ಪತ್ತು ನಿಮಿಷ ಪಾಠ ಓದಿ ಅಥವಾ ವಿಡಿಯೊ ನೋಡಿ. ಲ್ಯಾಪ್‌ಟಾಪ್ ಮುಚ್ಚಿ. ನೋಟ್‌ಬುಕ್ಕಿನ ಹೊಸ ಪುಟದಲ್ಲಿ ನೆನಪಿದ್ದದ್ದನ್ನು ಬರೆಯುತ್ತಾ ಹೋಗಿ. ತಡವರಿಸಿದ ಕಡೆ ಒಂದು ಸಾಲು ಖಾಲಿ ಬಿಡಿ, ಅಲ್ಲೇನೋ ಇತ್ತು ಅಂತ ಗುರುತಿಗೆ. ಹತ್ತು ನಿಮಿಷ ಸಾಕು. ಆಮೇಲೆ ಪುಸ್ತಕ ತೆಗೆದು ಖಾಲಿ ಸಾಲುಗಳನ್ನು ಮಾತ್ರ ಬೇರೆ ಬಣ್ಣದ ಪೆನ್ನಿನಲ್ಲಿ ತುಂಬಿ. ಮೂರು ನಾಲ್ಕು ದಿನ ಬಿಟ್ಟು, ಬಸ್ಸಿನಲ್ಲೋ ಮೆಟ್ರೊದಲ್ಲೋ ನಿಂತಾಗ, ಆ ಬೇರೆ ಬಣ್ಣದ ಸಾಲುಗಳು ಏನಿದ್ದವು ಅಂತ ನೆನಪಿಸಿಕೊಳ್ಳಿ. ನೋಟ್‌ಬುಕ್ ತೆಗೆಯುವುದು ಆಮೇಲೆ. ಮೆಜೆಸ್ಟಿಕ್‌ನಲ್ಲಿ ರೈಲು ಬದಲಿಸುವ ನೂಕುನುಗ್ಗಲಿನಲ್ಲಿ ಹೊಸ ಪಾಠ ತಲೆಗೆ ಹತ್ತುವುದಿಲ್ಲ, ಹಳೆಯದನ್ನು ನೆನಪು ಮಾಡಿಕೊಳ್ಳಬಹುದು.

ಕನ್ನಡ ಮಾಧ್ಯಮದಿಂದ ಬಂದವರಿಗೆ ಒಂದು ಮಾತು. ಪಾಠ ಇಂಗ್ಲಿಷಿನಲ್ಲಿದ್ದರೂ ಮೊದಲ ಸಲ ಮುಚ್ಚಿ ಬರೆಯುವುದನ್ನು ಕನ್ನಡದಲ್ಲೇ ಮಾಡಿ. ವಿಷಯ ಗೊತ್ತಾಗಿದೆಯೋ ಇಲ್ಲವೋ ಅನ್ನುವುದು ಅಲ್ಲಿ ತಿಳಿಯುತ್ತದೆ. ಇಂಗ್ಲಿಷಿನಲ್ಲಿ ಬರೆದರೆ ಪುಸ್ತಕದ ವಾಕ್ಯವೇ ಕೈಗೆ ಬಂದುಬಿಡುತ್ತದೆ, ಅರ್ಥವಾಗದೆಯೂ ಬರೆಯಬಹುದು. ಎರಡನೆಯ ಸಲ ಪರೀಕ್ಷೆಯ ಭಾಷೆಯಲ್ಲಿ ಬರೆದುಕೊಳ್ಳಿ.

ಮೇಷ್ಟ್ರುಗಳ ಕಡೆ ತಿರುಗುತ್ತೇನೆ. ನಿಮ್ಮದೊಂದು ನಂಬಿಕೆ ಇದೆ, ರಜೆಯಲ್ಲಿ ಓದಿಬಿಡೋಣ ಅಂತ. 2025ರ ದಸರಾ ನೆನಪಿದೆಯಾ? ಸೆಪ್ಟೆಂಬರ್ 22ರಿಂದ ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆ ಶುರುವಾಯಿತು. ರಜೆಯಲ್ಲಿ ಓದಲು ಪುಸ್ತಕ ಜೋಡಿಸಿಟ್ಟವರು ಮೊಬೈಲ್ ಹಿಡಿದು ಮನೆ ಮನೆ ಹತ್ತಿದರು, ಆ್ಯಪ್ ತೆರೆಯದೆ ಬಿಸಿಲಲ್ಲಿ ನಿಂತರು. ಡಿಸೆಂಬರ್ ಪರೀಕ್ಷೆಗೆ ಅಂತ ಇಟ್ಟುಕೊಂಡಿದ್ದ ದಿನಗಳು ಹೋದವು. ಇದು ಒಂದು ವರ್ಷದ ಕಥೆ ಅಂದುಕೊಳ್ಳಬೇಡಿ. ಎಸ್ಸೆಸ್ಸೆಲ್ಸಿ ಮೌಲ್ಯಮಾಪನ ಇದೆ, ಚುನಾವಣೆ ಡ್ಯೂಟಿ ಇದೆ, ಇನ್ನು ಜನಗಣತಿ ಇದೆ. ಇಗ್ನೋ ಪರೀಕ್ಷೆ ಜೂನ್‌ನಲ್ಲಿ ಬರುತ್ತದೆ, ನಿಮ್ಮ ಶಾಲೆ ಶುರುವಾಗುವುದೂ ಆಗಲೇ. ರಜೆಯನ್ನು ಓದಿಗೆ ನಂಬಬೇಡಿ. ಶಾಲೆ ನಡೆಯುವ ಮಾಮೂಲು ವಾರಗಳನ್ನೇ ನಂಬಿ. ರಜೆ ಸಿಕ್ಕರೆ ಅದು ಲಾಭ. ಸರ್ಕಾರಿ ನೌಕರರು ಸೇರುವ ಮುಂಚೆ ಇಲಾಖೆಯ ಅನುಮತಿ ತೆಗೆದುಕೊಳ್ಳಿ. ಪದವಿ ಬಂದ ಮೇಲೆ ಸೇವಾ ಪುಸ್ತಕದಲ್ಲಿ ಸೇರಿಸಲು ಓಡಾಡುವುದು ಬೇಡ.

ವಯಸ್ಸಾದ ಮೇಲೆ ಓದುವವರಿಗೆ ಕಷ್ಟಗಳಷ್ಟೇ ಇವೆ ಅಂತ ಹೇಳಿದ ಹಾಗಾಯಿತು. ಒಂದು ಲಾಭ ನಿಮಗೆ ಮಾತ್ರ ಇದೆ. ಇಪ್ಪತ್ತೆರಡರ ಹುಡುಗನಿಗೆ ಸಾಲ ಮರುಪಾವತಿ ಅನ್ನುವುದು ಪುಸ್ತಕದ ಒಂದು ಅಧ್ಯಾಯ. ಕೃಷಿ ಸಾಲದ ಫೈಲು ನೋಡುವ ಬ್ಯಾಂಕ್ ಅಧಿಕಾರಿಗೆ ಅದು ಎದುರಿಗೆ ಕೂತ ಮನುಷ್ಯ. ಮಳೆ ಕೈಕೊಟ್ಟ ವರ್ಷ ಯಾರು ಕಟ್ಟುತ್ತಾರೆ, ಯಾರು ಕಟ್ಟುವುದಿಲ್ಲ, ಚಿನ್ನದ ಸಾಲ ಯಾವ ತಿಂಗಳು ಜಾಸ್ತಿಯಾಗುತ್ತದೆ, ಇವೆಲ್ಲ ಗೊತ್ತು. ಅರ್ಥಶಾಸ್ತ್ರದ ಅಸೈನ್‌ಮೆಂಟಿಗೆ ಅದನ್ನು ತರಬಹುದು, ತರಬೇಕು. ವಯಸ್ಕರ ಕಲಿಕೆಯ ಬಗ್ಗೆ ಬರೆದ ಮಾಲ್ಕಮ್ ನೋಲ್ಸ್ ಒತ್ತಿ ಹೇಳಿದ್ದೂ ಇದನ್ನೇ, ವಯಸ್ಕರ ಕಲಿಕೆಗೆ ಅವರ ಅನುಭವವೇ ದೊಡ್ಡ ಸಂಪನ್ಮೂಲ ಅಂತ. ಗ್ರಾಹಕರ ಹೆಸರು, ಖಾತೆಯ ವಿವರ ಮಾತ್ರ ಬರೆಯಬೇಡಿ. ಹೀಗೆ ಮಾಡಿದರೆ ಆಫೀಸಿನ ಗಂಟೆಗಳಲ್ಲಿ ಸ್ವಲ್ಪ ಓದಿನ ಲೆಕ್ಕಕ್ಕೂ ಬರುತ್ತದೆ. 2400ರಲ್ಲಿ ಯಾರಿಂದಲೂ ಕಿತ್ತುಕೊಳ್ಳದೆ ಸಿಗುವ ಗಂಟೆಗಳು ಇವೇ.

ಜೊತೆಗಾರರ ವಿಷಯ. ಅಡ್ಮಿಷನ್ ಆದ ವಾರವೇ ಇನ್ನೂರು ಮುನ್ನೂರು ಜನರ ವಾಟ್ಸ್‌ಆ್ಯಪ್ ಗ್ರೂಪು ಆಗುತ್ತದೆ. ಗುಡ್ ಮಾರ್ನಿಂಗು, ಹಾಲ್ ಟಿಕೆಟ್ ಬಂತಾ, ಬರೆದ ಅಸೈನ್‌ಮೆಂಟ್ ಇದ್ದರೆ ಹಾಕಿ ಸಾರ್. ಅದರಿಂದ ಕೊನೆಯ ದಿನಾಂಕ ಗೊತ್ತಾಗುತ್ತದೆ, ಅಷ್ಟು ಉಪಯೋಗ ಸಾಕು. ಓದಲು ಮೂರು ಜನ ಬೇಕು. ಮೂವರು ವಾರಕ್ಕೊಮ್ಮೆ ಮುಕ್ಕಾಲು ಗಂಟೆ ಫೋನಿನಲ್ಲಿ ಸೇರಿ, ಒಬ್ಬೊಬ್ಬರು ಒಂದೊಂದು ಪಾಠ ಪುಸ್ತಕ ನೋಡದೆ ಹೇಳುವುದು. ಒಬ್ಬರು ಬರದಿದ್ದರೂ ಇಬ್ಬರು ಇರುತ್ತಾರೆ.

ಕೇಳಬೇಕು ಅಂತ ಕಾಯುತ್ತಿದ್ದೀರಿ, ಎಐ ಬಗ್ಗೆ. ಚಾಟ್‌ಜಿಪಿಟಿ ಬರುವ ಎಷ್ಟೋ ಮುಂಚೆ, 2016ರಲ್ಲೇ, ಅದೇ ಜಾರ್ಜಿಯಾ ಟೆಕ್‌ನಲ್ಲಿ ಅಶೋಕ್ ಗೋಯಲ್ ಅನ್ನುವ ಪ್ರಾಧ್ಯಾಪಕರು ಜಿಲ್ ವಾಟ್ಸನ್ ಅನ್ನುವ ಸಹಾಯಕಿಯನ್ನು ಕ್ಲಾಸಿಗೆ ತಂದರು. ವಿದ್ಯಾರ್ಥಿಗಳ ಪ್ರಶ್ನೆಗಳಿಗೆ ಅವಳು ಉತ್ತರ ಬರೆಯುತ್ತಿದ್ದಳು. ಅವಳು ಮನುಷ್ಯಳಲ್ಲ, ಪ್ರೋಗ್ರಾಂ ಅಂತ ಸೆಮಿಸ್ಟರಿನ ಕೊನೆಯವರೆಗೂ ಹೇಳಿರಲಿಲ್ಲ. ಅವಳು ಮಾಡುತ್ತಿದ್ದದ್ದು ಗಡುವು ಯಾವಾಗ, ಹೇಗೆ ಕಳಿಸಬೇಕು ಅನ್ನುವಂಥ ಮಾಮೂಲು ಪ್ರಶ್ನೆಗಳಿಗೆ ಉತ್ತರ. ಮೇಷ್ಟ್ರ ಸಮಯ ಉಳಿಯಲಿ ಅಂತ. ಈಗಿನವರು ಅಸೈನ್‌ಮೆಂಟನ್ನೇ ಬರೆಸುತ್ತಾರೆ. ನೋಡಿ, ಇಗ್ನೋದಲ್ಲಿ ಅಸೈನ್‌ಮೆಂಟಿಗೆ ಸಾಮಾನ್ಯವಾಗಿ ನೂರಕ್ಕೆ 30, ಪರೀಕ್ಷೆಗೆ 70. ಪರೀಕ್ಷಾ ಕೊಠಡಿಗೆ ನೀವೊಬ್ಬರೇ ಹೋಗಬೇಕು. ಹಾಗಾಗಿ ಎಐಯಿಂದ ಉತ್ತರ ಬರೆಸಬೇಡಿ, ಪ್ರಶ್ನೆ ಕೇಳಿಸಿಕೊಳ್ಳಿ. ಈ ಪಾಠದ ಮೇಲೆ ಐದು ಪ್ರಶ್ನೆ ಕೇಳು, ನನ್ನ ಉತ್ತರದಲ್ಲಿ ಏನು ಬಿಟ್ಟಿದ್ದೇನೆ ಹೇಳು ಅಂತ. ಹೇಳಿದ್ದನ್ನು ಪುಸ್ತಕ ತೆಗೆದು ನೋಡಿ, ಅದು ಧೈರ್ಯವಾಗಿ ಸುಳ್ಳನ್ನೂ ಹೇಳುತ್ತದೆ.

ಪರೀಕ್ಷೆ ಅಂದಾಗ ಒಂದು ನೆನಪಾಯಿತು. ನಿಮ್ಮಲ್ಲಿ ಎಷ್ಟು ಜನ ಇತ್ತೀಚೆಗೆ ಮೂರು ಗಂಟೆ ಕೈಯಲ್ಲಿ ಬರೆದಿದ್ದೀರಿ? ಸಹಿ ಹಾಕುವುದು ಬಿಟ್ಟರೆ ಪೆನ್ನೇ ಹಿಡಿಯದವರಿದ್ದೀರಿ. ಎರಡನೆಯ ಗಂಟೆಗೆ ಹೆಬ್ಬೆರಳು ಹಿಡಿದುಕೊಳ್ಳುತ್ತದೆ, ಗೊತ್ತಿರುವ ಉತ್ತರವನ್ನೂ ಚಿಕ್ಕದು ಮಾಡಿ ಬಿಡುತ್ತೀರಿ. ಪರೀಕ್ಷೆಗೆ ಎರಡು ತಿಂಗಳು ಇರುವಾಗಲೇ ಭಾನುವಾರದ ನಾಲ್ಕು ಗಂಟೆಯಲ್ಲಿ ಒಂದು ಗಂಟೆ ಹಳೆಯ ಪ್ರಶ್ನೆಪತ್ರಿಕೆ ಇಟ್ಟುಕೊಂಡು ಬರೀ ಬರೆಯಿರಿ. ಕೈಯಲ್ಲಿ ಬರೆಯುವ ಅಸೈನ್‌ಮೆಂಟ್ ಇದ್ದರೆ ಬೈದುಕೊಳ್ಳಬೇಡಿ, ಅದೂ ಕೈಗೆ ಅಭ್ಯಾಸವೇ.

ಸೇರುವ ಮುಂಚೆ ಯುಜಿಸಿಯ ದೂರಶಿಕ್ಷಣ ಬ್ಯೂರೊದ ಪಟ್ಟಿಯಲ್ಲಿ ಆ ವಿಶ್ವವಿದ್ಯಾಲಯ ಮಾತ್ರವಲ್ಲ, ಆ ಕೋರ್ಸು, ಆ ವರ್ಷ ಇದೆಯಾ ಅಂತ ನೋಡಿ. ಮಾನ್ಯತೆ ಇರುವ ಸಂಸ್ಥೆಯಿಂದ ಪಡೆದ ದೂರಶಿಕ್ಷಣದ, ಆನ್‌ಲೈನಿನ ಪದವಿ ಕಾಲೇಜಿಗೆ ಹೋಗಿ ಪಡೆದ ಪದವಿಗೆ ಸಮ ಅಂತ 2022ರಲ್ಲಿ ಯುಜಿಸಿ ಸ್ಪಷ್ಟಪಡಿಸಿದೆ. ಇದಕ್ಕಿಂತ ಜಾಸ್ತಿ ಈ ವಿಷಯದಲ್ಲಿ ಹೇಳುವುದಿಲ್ಲ, ನೋಡಿಕೊಳ್ಳಲು ಹತ್ತು ನಿಮಿಷ ಸಾಕು.

ಕೊನೆಯದಾಗಿ, ಬಿಡುವವರ ಬಗ್ಗೆ. ಬಿಡಬೇಡಿ ಬಿಡಬೇಡಿ ಅಂತ ನಾನು ಹೇಳುವುದಿಲ್ಲ. ಅಪ್ಪನಿಗೆ ಪಾರ್ಶ್ವವಾಯು ಆಗಿದೆ, ವರ್ಗಾವಣೆ ಆಗಿದೆ, ಅವಳಿ ಮಕ್ಕಳು ಹುಟ್ಟಿವೆ. 2400 ಗಂಟೆಯ ಪಾಲುದಾರರೆಲ್ಲ ಒಟ್ಟಿಗೆ ತಮ್ಮ ಪಾಲು ವಾಪಸ್ ಕೇಳುವ ಕಾಲ ಬರುತ್ತದೆ. ಆಗ ಬಿಡುವುದೇ ಸರಿ ಇರಬಹುದು. ಆದರೆ ಬಿಡುವುದಕ್ಕೂ ಒಂದು ರೀತಿ ಇದೆ. ಹೆಚ್ಚಿನವರು ಹೇಳದೆ ಕೇಳದೆ ಬಿಡುತ್ತಾರೆ. ಒಂದು ವಾರ ಲಾಗಿನ್ ಆಗುವುದಿಲ್ಲ, ನಾಚಿಕೆಗೆ ಇನ್ನೊಂದು ವಾರ ಆಗುವುದಿಲ್ಲ, ಹಾಗೇ ಹೋಗುತ್ತದೆ. ಆಗ ಆ ಸೆಮಿಸ್ಟರಿನಲ್ಲಿ ಅರ್ಧ ಓದಿದ್ದೂ ವ್ಯರ್ಥ. ಅದರ ಬದಲು ನಡೆಯುತ್ತಿರುವ ಸೆಮಿಸ್ಟರಿನಲ್ಲಿ ಒಂದೋ ಎರಡೋ ಪೇಪರನ್ನಾದರೂ ಬರೆದು ಬಿಡಿ. ಪಾಸಾದ ಪೇಪರಿನ ಕ್ರೆಡಿಟ್ ನಿಮ್ಮ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್ ಖಾತೆಯಲ್ಲಿ, ಅಂದರೆ ಗಳಿಸಿದ ಕ್ರೆಡಿಟ್ ಕೂಡಿಡುವ ಆನ್‌ಲೈನ್ ಖಾತೆಯಲ್ಲಿ, ಗರಿಷ್ಠ ಏಳು ವರ್ಷ ಉಳಿಯಬಹುದು. ಮೊದಲ ವರ್ಷದ ಕ್ರೆಡಿಟ್ ಪೂರ್ತಿಯಾದವರಿಗೆ ಪಿಜಿ ಡಿಪ್ಲೊಮಾ ಕೊಟ್ಟು ಕಳಿಸುವ ಕೋರ್ಸುಗಳೂ ಇವೆ. ನಿಮ್ಮದರಲ್ಲಿ ಇದೆಯಾ ಅಂತ ಈಗಲೇ, ಎಲ್ಲ ಸರಿ ಇರುವಾಗಲೇ, ಪುಸ್ತಿಕೆ ತೆಗೆದು ನೋಡಿಟ್ಟುಕೊಳ್ಳಿ. ಮತ್ತೆ ಸೇರಲು ಎಷ್ಟು ಫೀಸು, ಯಾವ ತಿಂಗಳು ಅರ್ಜಿ ಹಾಕಬೇಕು ಅನ್ನುವುದನ್ನೂ ಅದೇ ಪುಟದ ಪಕ್ಕದಲ್ಲಿ ಬರೆದಿಡಿ. ಆಸ್ಪತ್ರೆಯ ಕಾರಿಡಾರಿನಲ್ಲಿ ಕೂತಾಗ ಅದನ್ನೆಲ್ಲ ಹುಡುಕಲು ಯಾರಿಂದಲೂ ಆಗುವುದಿಲ್ಲ.